ಗ್ರೂಪ್ ಪಾಲಿಸಿ ಅಳಿಸಿ ಹೋಯ್ತಾ? ಬ್ಯಾಕಪ್‌ನಿಂದ ಹೀಗೆ ವಾಪಸ್ ತನ್ನಿ

ರಾಯಚೂರಿನ ಗಂಜ್ ಹತ್ತಿರದ ಒಂದು ಆಫೀಸಿನಲ್ಲಿ ಯಾರೋ ಫೈರ್‌ವಾಲ್‌ನ ಗ್ರೂಪ್ ಪಾಲಿಸಿಯನ್ನೇ (ಆಫೀಸಿನ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಹಾಕುವ ಸೆಟ್ಟಿಂಗ್‌ಗಳ ಕಟ್ಟು) ಅಳಿಸಿಬಿಟ್ಟಿದ್ದರು. ಆ್ಯಕ್ಟಿವ್ ಡೈರೆಕ್ಟರಿಯ (ಆಫೀಸಿನ ಬಳಕೆದಾರರು, ಕಂಪ್ಯೂಟರ್‌ಗಳ ಪಟ್ಟಿ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ರೀಸೈಕಲ್ ಬಿನ್‌ನಿಂದ ತಂದರೆ ಸಾಕು ಅಂದುಕೊಂಡರು. ಸಾಲದು. ಪಾಲಿಸಿಯ ಒಂದು ಭಾಗ ಡೈರೆಕ್ಟರಿಯಲ್ಲಿ, ಇನ್ನೊಂದು ಭಾಗ ಸರ್ವರ್‌ನ ಸಿಸ್‌ವಾಲ್ (SYSVOL) ಅನ್ನೋ ಹಂಚಿಕೆಯ ಫೋಲ್ಡರ್‌ನಲ್ಲಿ ಫೈಲುಗಳಾಗಿ ಇರುತ್ತದೆ, ರೀಸೈಕಲ್ ಬಿನ್ ಆ ಫೈಲುಗಳನ್ನು ಮುಟ್ಟುವುದೇ ಇಲ್ಲ.

ಅದಕ್ಕೇ ಮೊದಲೇ ತೆಗೆದಿಟ್ಟ ಬ್ಯಾಕಪ್ ಬೇಕು. ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ಅನ್ನೋ ಟೂಲ್ ತೆರೆಯಿರಿ. ಗ್ರೂಪ್ ಪಾಲಿಸಿ ಆಬ್ಜೆಕ್ಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಬ್ಯಾಕಪ್ಸ್ ಆರಿಸಿ, ಬ್ಯಾಕಪ್ ಫೋಲ್ಡರ್ ತೋರಿಸಿ. ಸುಮ್ನೆ ರಿಸ್ಟೋರ್ ಒತ್ತಬೇಡಿ. ಮೊದಲು ವ್ಯೂ ಸೆಟ್ಟಿಂಗ್ಸ್ ನೋಡಿ, ಯಾಕೆಂದರೆ ಹಳೇ ಪಾಲಿಸಿ ಇನ್ನೂ ಇದ್ದರೆ ಅದರ ಈಗಿನ ಸೆಟ್ಟಿಂಗ್ ಎಲ್ಲಾ ಹೋಗಿ ಬ್ಯಾಕಪ್‌ನದ್ದೇ ಕೂರುತ್ತದೆ. ಅದಕ್ಕೇ ಈಗಿನದರದ್ದೂ ಒಂದು ಬ್ಯಾಕಪ್ ತೆಗೆದಿಡಿ.

ಜಾಸ್ತಿ ಜನ ಎಡವುವುದು ಲಿಂಕ್ ವಿಷಯದಲ್ಲಿ, ಅಂದರೆ ಪಾಲಿಸಿ ಯಾರಿಗೆ ಅನ್ವಯಿಸಬೇಕು ಅಂತ ಹೇಳುವ ಜೋಡಣೆ. ಅಳಿಸಿದ ಪಾಲಿಸಿ ವಾಪಸ್ ಬಂದರೂ ಲಿಂಕ್ ತಾನಾಗಿ ಬರಲ್ಲ, ಅದು ಪಾಲಿಸಿಯ ಒಳಗಲ್ಲ, ಓಯು (OU, ಡೈರೆಕ್ಟರಿಯಲ್ಲಿ ಬಳಕೆದಾರರು, ಕಂಪ್ಯೂಟರ್‌ಗಳನ್ನು ಗುಂಪಾಗಿ ಇಡುವ ವಿಭಾಗ) ಮೇಲೆ ಇರುವಂಥದ್ದು ಅಲ್ವಾ? ಕೈಯಿಂದಲೇ ಮತ್ತೆ ಜೋಡಿಸಿ. ಡಬ್ಲ್ಯುಎಂಐ (WMI) ಫಿಲ್ಟರ್, ಅಂದರೆ ಯಾವ ಥರದ ಕಂಪ್ಯೂಟರ್‌ಗೆ ಪಾಲಿಸಿ ಹತ್ತಬೇಕು ಅನ್ನೋ ಷರತ್ತು, ಅಳಿಸಿದ್ದರೆ ಅದನ್ನೂ ಬೇರೆಯಾಗಿ ಮಾಡಬೇಕು.

ಸಾಮಾನ್ಯ ಕಂಪ್ಯೂಟರ್‌ಗಳು ಸುಮಾರು 90 ನಿಮಿಷಕ್ಕೊಮ್ಮೆ ಪಾಲಿಸಿ ಎಳೆದುಕೊಳ್ಳುತ್ತವೆ. ಕಾಯಲಾಗದಿದ್ದರೆ ಒಂದು ಕಂಪ್ಯೂಟರ್‌ನಲ್ಲಿ ಪಾಲಿಸಿಯನ್ನು ತಕ್ಷಣ ಎಳೆಯುವ ಜಿಪಿಅಪ್‌ಡೇಟ್ (gpupdate) ಕಮಾಂಡ್ ಓಡಿಸಿ, ಹತ್ತಿರುವ ಪಾಲಿಸಿಗಳನ್ನು ತೋರಿಸುವ ಜಿಪಿರಿಸಲ್ಟ್ (gpresult) ಕಮಾಂಡ್‌ನಲ್ಲಿ ಪಾಲಿಸಿಯ ಹೆಸರು ಬಂತಾ ನೋಡಿ.