ನೀರು ಇಳಿಸುವ ದಾರಿ ಮೊದಲು, ಬಣ್ಣದ ದೀಪ ಆಮೇಲೆ

ಕಂಪ್ಯೂಟರಿಗೆ ಸ್ವಂತ ವಾಟರ್ ಕೂಲಿಂಗ್ ಲೂಪ್ (ಬಿಸಿಯಾಗುವ ಭಾಗಗಳನ್ನು ನೀರು ಸುತ್ತಿಸಿ ತಣಿಸುವ ಕೊಳವೆ ಜಾಲ) ಕೂಡಿಸಿಕೊಂಡವರು ನನಗೆ ಫೋನ್ ಮಾಡುವುದು ಕೂಡಿಸುವ ದಿನವಲ್ಲ, ಒಂದು ವರ್ಷ ಕಳೆದ ಮೇಲೆ. ‘ನೀರು ಬದಲಿಸಬೇಕಿತ್ತು, ಎಲ್ಲಿಂದ ತೆಗೆಯೋದು?’ ಎಲ್ಲಿಂದಲೂ ಇಲ್ಲ! ದಾರಿಯನ್ನೇ ಬಿಟ್ಟಿಲ್ಲ. ಒಮ್ಮೆ ಸ್ನೇಹಿತರೊಬ್ಬರ ಕ್ಯಾಬಿನೆಟ್ಟನ್ನು ಇಬ್ಬರು ಎತ್ತಿ ಹಿಡಿದು, ಮಗುವಿಗೆ ತಲೆ ತೊಳೆಸುವ ಹಾಗೆ ಬಕೆಟ್ಟಿನ ಮೇಲೆ ಬಾಗಿಸಿದ್ದೆವು. ಅರ್ಧ ನೀರು ಬಕೆಟ್ಟಿಗೆ, ಉಳಿದರ್ಧ ಪವರ್ ಸಪ್ಲೈ ಮೇಲೆ. ಆದ್ದರಿಂದ ಭಾಗಗಳನ್ನು ಕೊಳ್ಳುವ ಮೊದಲು ಪೆನ್ಸಿಲ್ ಹಿಡಿಯಿರಿ.

<b>1. ಬಿಸಿಯ ಲೆಕ್ಕ</b>

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಷ್ಟು ವಾಟ್ ಎಳೆಯುತ್ತವೆ ಎಂದು ನೋಡಿ ಕೂಡಿಸಿ. ಉದಾಹರಣೆಗೆ ಕೋರ್ ಐ9-14900ಕೆ ಪ್ರೊಸೆಸರ್ ಗರಿಷ್ಠ 253, ಆರ್‌ಟಿಎಕ್ಸ್ 4090 ಕಾರ್ಡ್ 450; ಒಟ್ಟು ಸುಮಾರು 700 ವಾಟ್. ಫ್ಯಾನ್ ಗದ್ದಲ ಮಾಡದೆ ತಿರುಗಬೇಕಾದರೆ ರೇಡಿಯೇಟರಿನ (ನೀರಿನ ಬಿಸಿಯನ್ನು ಫ್ಯಾನ್ ಗಾಳಿಗೆ ಬಿಡುವ ಭಾಗ) ಪ್ರತಿ 120 ಮಿ.ಮೀ. ಉದ್ದಕ್ಕೆ 100 ವಾಟ್ ಎಂಬುದು ಕೈಲೆಕ್ಕ. ಎರಡೂ ಒಟ್ಟಿಗೆ ತುದಿ ಮುಟ್ಟುವುದು ಅಪರೂಪವಾದ್ದರಿಂದ 360ರ ಎರಡು ರೇಡಿಯೇಟರ್, ಅಂದರೆ 600 ವಾಟ್, ಸಾಕು.

<b>2. ಅಳತೆ</b>

‘360’ ಎನ್ನುವುದು ಮೂರು ಫ್ಯಾನುಗಳ ಅಳತೆ, ರೇಡಿಯೇಟರಿನದಲ್ಲ. ಎರಡು ತುದಿಯ ತೊಟ್ಟಿಗಳೂ ಸೇರಿದರೆ ಉದ್ದ 390–400 ಮಿ.ಮೀ. ಆಗುತ್ತದೆ. ದಪ್ಪ 30 ಎಂದು ಬರೆದಿದ್ದರೆ ಫ್ಯಾನಿನ 25 ಸೇರಿಸಿ 55 ಎಂದು ಓದಿ. ಮೇಲ್ಛಾವಣಿಗೆ ಕೂರಿಸುವವರು ಮದರ್‌ಬೋರ್ಡಿನ ಮೇಲಂಚಿನಲ್ಲಿರುವ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮತ್ತು ರ‍್ಯಾಮ್ ಎತ್ತರವನ್ನು, ಮುಂಭಾಗಕ್ಕೆ ಕೂರಿಸುವವರು ಕಾರ್ಡಿನ ಉದ್ದವನ್ನು ಮರೆಯುತ್ತಾರೆ. ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಒಳಗಿಟ್ಟು ನೋಡಿ. ನಾಚಿಕೆ ಬೇಡ, ನಾನು ಈಗಲೂ ಮಾಡುತ್ತೇನೆ. 60 ಮಿ.ಮೀ. ದಪ್ಪದ ಒಂದೇ ರೇಡಿಯೇಟರಿಗಿಂತ 30ರ ಎರಡು ವಾಸಿ. ದಪ್ಪದ್ದರೊಳಗೆ ಗಾಳಿ ನುಗ್ಗಿಸಲು ಫ್ಯಾನ್ ಏದುಸಿರು ಬಿಡಬೇಕು.

<b>3. ದಾರಿ ಗೀಚುವುದು</b>

ಎಲ್ಲರೂ ಎಡವುವುದು ಇಲ್ಲೇ. ಕಲ್ಲಿನಲ್ಲಿ ಕೆತ್ತಿದ ನಿಯಮ ಒಂದೇ: ರಿಸರ್ವಾಯರಿನ (ನೀರು ತುಂಬಿಡುವ ಡಬ್ಬಿ) ನೀರು ನೇರವಾಗಿ ಪಂಪಿಗೆ ಇಳಿಯಬೇಕು. ಪಂಪಿನ ಬೇರಿಂಗಿಗೆ ಆ ನೀರೇ ಎಣ್ಣೆ. ಒಣಗಿ ತಿರುಗಿದರೆ ಅದು ಬೇಗ ಕೈಕೊಡುತ್ತದೆ. ಉಳಿದ ಭಾಗಗಳ ಕ್ರಮ ಹೇಗಿದ್ದರೂ ನಡೆಯುತ್ತದೆ. ‘ಪ್ರೊಸೆಸರಿನಿಂದ ಬಂದ ಬಿಸಿನೀರು ಕಾರ್ಡಿಗೆ ಹೋದರೆ?’ ಎಂದು ಪ್ರತಿಸಲವೂ ಯಾರಾದರೂ ಕೇಳುತ್ತಾರೆ. ನಿಮಿಷಕ್ಕೆ 4 ಲೀಟರ್ ಹರಿಯುವ ಲೂಪಿಗೆ 700 ವಾಟ್ ಸುರಿದರೂ ಒಂದು ಸುತ್ತಿನಲ್ಲಿ ನೀರು ಏರುವುದು ಎರಡೂವರೆ ಡಿಗ್ರಿ ಅಷ್ಟೇ. ಇದಕ್ಕಾಗಿ ಟ್ಯೂಬನ್ನು ಕ್ಯಾಬಿನೆಟ್ ತುಂಬ ಸುತ್ತಿಸಬೇಡಿ, ಹತ್ತಿರದ ದಾರಿ ಹಿಡಿಯಿರಿ.

ಈಗ ನೀವು ಗೀಚಿದ ಚಿತ್ರದಲ್ಲಿ ಅತಿ ತಗ್ಗಿನ ಜಾಗ ಹುಡುಕಿ ಅಲ್ಲೊಂದು ಟೀ ಫಿಟ್ಟಿಂಗ್ (ಮೂರು ಬಾಯಿಯ ಜೋಡಣೆ ತುಂಡು), ಅದರ ಮೂರನೇ ಬಾಯಿಗೆ ಬಾಲ್ ವಾಲ್ವ್ (ತಿರುಗಿಸಿ ತೆರೆದು ಮುಚ್ಚುವ ನಲ್ಲಿ) ಬರೆಯಿರಿ. ವಾಲ್ವಿನ ಮುಂದೆ ಒಂದು ತುಂಡು ಟ್ಯೂಬ್ ಸಿಕ್ಕಿಸುವಷ್ಟು, ಅದನ್ನು ಕ್ಯಾಬಿನೆಟ್ಟಿನಿಂದ ಹೊರಗೆಳೆಯುವಷ್ಟು ಜಾಗವಿರಬೇಕು. ಕಾರ್ಡಿನ ಕೆಳಗೋ ಪವರ್ ಸಪ್ಲೈ ಹಿಂದೆಯೋ ಸಿಕ್ಕಿಬಿದ್ದ ವಾಲ್ವ್ ಇದ್ದೂ ಇಲ್ಲದ ಹಾಗೆ. ಟ್ಯೂಬ್ ಇಳಿದು ಮತ್ತೆ ಏರುವ ಕಡೆಯೆಲ್ಲ ನೀರು ನಿಂತುಬಿಡುತ್ತದೆ. ಇಂಥ ತಗ್ಗು ಎರಡಿದ್ದರೆ ವಾಲ್ವೂ ಎರಡು, ಇಲ್ಲವೇ ದಾರಿಯನ್ನೇ ಬದಲಿಸಿ.

ಮೇಲ್ತುದಿಯನ್ನೂ ನೋಡಿ. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರಲಿ. ಗುಳ್ಳೆಗಳು ಮೇಲೇರಿ ಹೊರಬೀಳುವುದು ಅಲ್ಲಿಂದ. ನೀರು ಇಳಿಸುವಾಗ ಗಾಳಿ ಒಳಬರುವುದೂ ಅಲ್ಲಿಂದಲೇ. ಎಣ್ಣೆ ಡಬ್ಬಕ್ಕೆ ಎರಡನೇ ತೂತು ಹೊಡೆಯದಿದ್ದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದಲ್ಲ, ಹಾಗೆಯೇ ಇದು. ವಾಲ್ವ್ ತಿರುಗಿಸಿ, ಮೇಲಿನ ಮುಚ್ಚಳ ತೆಗೆಯದೆ, ‘ಬರ್ತಾ ಇಲ್ಲ’ ಎಂದು ಫಿಟ್ಟಿಂಗ್ ಬಿಚ್ಚಿದವರನ್ನು ನೋಡಿದ್ದೇನೆ.

<b>4. ಕೊಳ್ಳುವುದು</b>

ಕಾರ್ಡಿನ ಬ್ಲಾಕ್ (ಚಿಪ್ಪಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡು) ಬಗ್ಗೆ ಎಚ್ಚರ. ಚಿಪ್ಪಿನ ಹೆಸರು ಹೊಂದಿದರೆ ಸಾಲದು, ನಿಮ್ಮ ಕಾರ್ಡಿನ ಬೋರ್ಡಿನ ನಕ್ಷೆಯೇ ಹೊಂದಬೇಕು. ಹೊಂದುವ ಬ್ಲಾಕ್ ಸಿಗುತ್ತದೆಯೇ ಎಂದು ನೋಡಿಯೇ ಕಾರ್ಡ್ ಆರಿಸುವವರು ಜಾಣರು.

ಮೊದಲ ಲೂಪಿಗೆ ಮೆತ್ತನೆ ಟ್ಯೂಬ್ ಸಾಕು. ಗಟ್ಟಿ ಟ್ಯೂಬ್ ಕಣ್ಣಿಗೆ ಚೆಂದ, ನಿಜ. ಆದರೆ ಕತ್ತರಿಸಿದ ತುದಿಯನ್ನು ಉಜ್ಜಿ ಓರೆ ಮಾಡದಿದ್ದರೆ ಫಿಟ್ಟಿಂಗಿನ ಒಳಗಿನ ರಬ್ಬರ್ ಉಂಗುರ ಸೀಳಿ ನೀರು ಹನಿಯತೊಡಗುತ್ತದೆ. ಅಗ್ಗದ ಪಾರದರ್ಶಕ ಟ್ಯೂಬಿನಿಂದ ಮೆದುಕಾರಕ (ಪ್ಲಾಸ್ಟಿಕನ್ನು ಮೆತ್ತಗಾಗಿಸುವ ರಾಸಾಯನಿಕ) ಸೋರಿ, ಬ್ಲಾಕಿನ ಸಣ್ಣ ಗೀರುಗಳಲ್ಲಿ ಅಂಟಾಗಿ ಕೂರುತ್ತದೆ. ನಾನು ಕಪ್ಪು ಇಪಿಡಿಎಂ ರಬ್ಬರ್ ಬಿಟ್ಟು ಬೇರೆ ಬಳಸುವುದಿಲ್ಲ. ಫಿಟ್ಟಿಂಗಿನ ತಿರುಪು ಬಹುತೇಕ ಎಲ್ಲ ಕಡೆ ಜಿ 1/4 ಎಂಬ ಒಂದೇ ಅಳತೆಯದು, ಆದರೆ ಟ್ಯೂಬ್ ಹಿಡಿಯುವ ಕಡೆ ಒಳ-ಹೊರ ವ್ಯಾಸ ಎರಡೂ ಹೊಂದಬೇಕು: 10/16ರ (ಒಳಗೆ 10, ಹೊರಗೆ 16 ಮಿ.ಮೀ.) ಟ್ಯೂಬಿಗೆ 10/13ರ ಫಿಟ್ಟಿಂಗ್ ಕೂರದು. ಚಿತ್ರದಲ್ಲಿ ಎಣಿಸಿ, ಮೇಲೆ ನಾಲ್ಕು ಹೆಚ್ಚಿಗೆ ತನ್ನಿ.

ಅಲ್ಯೂಮಿನಿಯಂ ರೇಡಿಯೇಟರ್ ಅಗ್ಗವೆಂದು ತಂದು ತಾಮ್ರದ ಬ್ಲಾಕಿನ ಜತೆ ಸೇರಿಸಬೇಡಿ. ಒಂದೇ ನೀರಿನಲ್ಲಿ ಎರಡು ಲೋಹ ಕೂಡಿದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಹಾಲಿನಂಥ ದಟ್ಟ ಬಣ್ಣದ ದ್ರವಗಳೂ ಬೇಡ. ಬಣ್ಣ ಎಂದರೆ ತೇಲುವ ಕಣ, ಅವು ಒಂದಲ್ಲ ಒಂದು ದಿನ ತಳ ಹಿಡಿಯುತ್ತವೆ. ತುಕ್ಕು ಮತ್ತು ಪಾಚಿ ತಡೆಯುವ ಮದ್ದು ಬೆರೆಸಿದ ತಿಳಿ ದ್ರವ ಸಾಕು, ಬಣ್ಣ ಬೇಕಾದರೆ ದೀಪದಿಂದ ತನ್ನಿ.

<b>5. ಜೋಡಣೆ</b>

ಹೊಸ ರೇಡಿಯೇಟರನ್ನು ಡಿಸ್ಟಿಲ್ಡ್ ನೀರಿನಿಂದ ಕುಲುಕಿ ತೊಳೆಯಿರಿ. ಫಿಟ್ಟಿಂಗ್ ಕೈಯಲ್ಲಿ ಬಿಗಿದರೆ ಸಾಕು, ಸ್ಪ್ಯಾನರ್ ಹಿಡಿದರೆ ಅಕ್ರಿಲಿಕ್ ಪ್ಲಾಸ್ಟಿಕ್ ಬಿರಿಯುತ್ತದೆ.

<b>6. ಸೋರಿಕೆ ನೋಡುವುದು</b>

ಮದರ್‌ಬೋರ್ಡ್, ಕಾರ್ಡ್ ಎಲ್ಲದರ ಪವರ್ ಕೇಬಲ್ ಬಿಚ್ಚಿಡಿ. ಪವರ್ ಸಪ್ಲೈಯ 24 ಪಿನ್ನಿನ ಕನೆಕ್ಟರಿಗೆ ಜಂಪರ್ ಪ್ಲಗ್ (ಕಂಪ್ಯೂಟರ್ ಇಲ್ಲದೆಯೂ ಸಪ್ಲೈ ಆನ್ ಆಗುವಂತೆ ಮಾಡುವ ಪ್ಲಗ್) ಹಾಕಿ ಪಂಪ್ ಒಂದನ್ನೇ ನಡೆಸಿ. ಮೊದಲು ರಿಸರ್ವಾಯರ್ ತುಂಬಿ, ಸ್ವಿಚ್ ಒತ್ತಿ, ನೀರು ಇಳಿಯುತ್ತಲೇ ಆರಿಸಿ, ಮತ್ತೆ ತುಂಬಿ. ಹೀಗೆ ಐದಾರು ಬಾರಿ. ಪ್ರತಿ ಫಿಟ್ಟಿಂಗಿನ ಕೆಳಗೂ ಬಿಳಿ ಟಿಶ್ಯೂ ಇಟ್ಟು ಒಂದು ದಿನ ಬಿಡಿ. ಆತುರದವರು ಎರಡು ಗಂಟೆಗೇ ಸಾಕು ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ನನ್ನದೊಂದು ಲೂಪಿನಲ್ಲಿ ಮೊದಲ ಹನಿ ಕಂಡದ್ದು ಹತ್ತನೇ ಗಂಟೆಗೆ. ಕೇಬಲ್ ಮರಳಿ ಸಿಕ್ಕಿಸುವ ಮುನ್ನ ವಾಲ್ವ್ ತೆರೆದು ಒಂದು ಲೋಟ ನೀರು ಹೊರಗೆ ಬಿಟ್ಟು ನೋಡಿ. ತಡೆಯಿಲ್ಲದೆ ಬಂದರೆ ಅದನ್ನೇ ಮೇಲಿಂದ ಮತ್ತೆ ಸುರಿದು ಮುಚ್ಚಳ ಹಾಕಿ.