ಎಂಜಲು, ಕೂವೆ ಹುಡಿ, ಬಿಸಿನೀರು: ಕಿಣ್ವದ ಪ್ರಯೋಗ ಕೆಡದಂತೆ ಮಾಡುವುದು ಹೇಗೆ?

ಬಿಸಿ ಏರಿದಂತೆ ಕಿಣ್ವದ ಕೆಲಸ ಚುರುಕಾಗುತ್ತದೆ, ಮಿತಿ ಮೀರಿದರೆ ನಿಂತೇಹೋಗುತ್ತದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಮಕ್ಕಳು ಶಾಲೆಯ ಶಾಸ್ತ್ರಮೇಳದಲ್ಲಿ (ವಿಜ್ಞಾನ ಮೇಳ) ಇದನ್ನು ಗಡಗಡ ಹೇಳುತ್ತಾರೆ. ಆದರೆ ಮುಂದಿರುವ ಟೆಸ್ಟ್ ಟ್ಯೂಬ್ ಬೇರೆಯೇ ಹೇಳುತ್ತಿರುತ್ತದೆ. ತಪ್ಪಾಗುವುದು ಬಹುಪಾಲು ಎರಡೇ ಕಡೆ.

ಆ ತಪ್ಪುಗಳಿಗೆ ಬರುವ ಮೊದಲು ಪಿಷ್ಟದ ದ್ರಾವಣ ಮಾಡಿಕೊಳ್ಳೋಣ. ಕುಚ್ಚಲಕ್ಕಿ ಗಂಜಿಯ ತಿಳಿ ಬೇಡ, ಒಂದೊಂದು ದಿನ ಒಂದೊಂದು ದಪ್ಪ. ಕೂವೆ (ಆರಾರೂಟ್) ಹುಡಿಯೇ ಒಳ್ಳೆಯದು. 1 ಗ್ರಾಂ ಹುಡಿಯನ್ನು ತಣ್ಣೀರಲ್ಲಿ ಕದಡಿ, ಕುದಿಯುವ 100 ಮಿ.ಲೀ. ನೀರಿಗೆ ಹೊಯ್ದು, ತಿಳಿಯಾಗುವವರೆಗೆ ತಿರುವಿ. ಅಂಗಡಿಯ ಹುಡಿಗೆ ಮರಗೆಣಸಿನ ಹಿಟ್ಟು ಬೆರೆತಿದ್ದರೂ ಚಿಂತೆಯಿಲ್ಲ, ಅದೂ ಪಿಷ್ಟವೇ ಅಲ್ವಾ! ಚಿಟಿಕೆ ಉಪ್ಪು ಹಾಕಿ. ಎಂಜಲಿನಲ್ಲಿ ಪಿಷ್ಟ ಒಡೆಯುವ ಕಿಣ್ವವಾದ ಅಮೈಲೇಸ್‌ಗೆ ಕ್ಲೋರೈಡ್ ಬೇಕು.

ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಂಜಲು ತೆಗೆದು, ಹತ್ತು ಪಾಲು ನೀರು ಬೆರೆಸಿ ಹತ್ತಿಯಲ್ಲಿ ಸೋಸಿ. ಎಲ್ಲ ಟ್ಯೂಬಿಗೂ ಒಬ್ಬರದ್ದೇ ಎಂಜಲು.

ಈಗ ಐದು ಪಾತ್ರೆ: ಐಸ್, ಕೋಣೆಯ ನೀರು, 37 ಡಿಗ್ರಿ, 50 ಡಿಗ್ರಿ, ಕುದಿಯುವ ನೀರು. ಕೋಣೆ ಎಂದರೆ ಸುಮ್ನೆ 25 ಎಂದು ಬರೆಯಬೇಡಿ. ನಮ್ಮ ಏಪ್ರಿಲ್‌ನಲ್ಲಿ ಅದು 30 ದಾಟಿರುತ್ತದೆ, ಅಳೆದು ಬರೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಪ್ರಯೋಜನವಿಲ್ಲ, 42ಕ್ಕೆ ಮುಗಿಯುತ್ತದೆ. ಬಿಸಿನೀರಿಗೆ ಅದ್ದಿದರೆ ಒಡೆದೂ ಹೋದೀತು.

ಪ್ರತಿ ಪಾತ್ರೆಯಲ್ಲಿ ಎರಡು ಟ್ಯೂಬ್ ಇಡಿ, ಒಂದರಲ್ಲಿ 5 ಮಿ.ಲೀ. ಪಿಷ್ಟ, ಇನ್ನೊಂದರಲ್ಲಿ 1 ಮಿ.ಲೀ. ಎಂಜಲು. ಬೇರೆಬೇರೆಯಾಗಿಯೇ ಹತ್ತು ನಿಮಿಷ ಇರಲಿ, ಆಮೇಲೆ ಬೆರೆಸಿ. ಮೊದಲ ತಪ್ಪು ಆಗುವುದು ಇಲ್ಲೇ: ಮೊದಲೇ ಬೆರೆಸಿ ಐಸಿಗೆ ಇಟ್ಟರೆ, ತಣ್ಣಗಾಗುವ ಮೊದಲೇ ಅಮೈಲೇಸ್ ಅರ್ಧ ಕೆಲಸ ಮುಗಿಸಿರುತ್ತದೆ. ಕುದಿಯುವ ನೀರಿನದ್ದೂ ಅದೇ ಕತೆ, ಬಿಸಿ ತಾಗಿ ಕೆಡುವ ಮೊದಲು ಒಂದಿಷ್ಟು ಪಿಷ್ಟ ಕರಗಿಸಿಬಿಡುತ್ತದೆ. ಆಮೇಲೆ ನಿಮ್ಮ ಅಂಕಿ ಯಾವ ಬಿಸಿಯದ್ದು ಎಂದೇ ಗೊತ್ತಾಗದು.

ಎರಡನೆಯ ತಪ್ಪು ಅಯೋಡಿನ್‌ನದ್ದು. ಪಿಷ್ಟ ಇದ್ದರೆ ಅಯೋಡಿನ್ ನೀಲಿಯಾಗುತ್ತದೆ, ಪಿಷ್ಟ ಮುಗಿದಿದ್ದರೆ ಇಲ್ಲ. ಅದನ್ನು ಬಿಸಿ ಟ್ಯೂಬಿಗೇ ಸುರಿಯಬೇಡಿ. ಬಿಸಿಯಲ್ಲಿ ಪಿಷ್ಟ–ಅಯೋಡಿನ್‌ನ ನೀಲಿ ತಾನಾಗಿ ಮಾಯವಾಗುತ್ತದೆ, ಪಿಷ್ಟ ಅಲ್ಲೇ ಇರುತ್ತದೆ! "ಕುದಿಸಿದರೂ ಕಿಣ್ವ ಕೆಲಸ ಮಾಡಿತು" ಎಂಬ ಫಲಿತಾಂಶ ಹುಟ್ಟುವುದೇ ಹೀಗೆ. ಬಿಳಿ ಟೈಲ್ಸ್ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಡಿ. ಅರ್ಧ ನಿಮಿಷಕ್ಕೊಮ್ಮೆ ಟ್ಯೂಬಿನಿಂದ ಒಂದು ಹನಿ ತಂದು ಬಿಡಿ. ಹನಿ ಟೈಲ್ಸ್ ಮೇಲೆ ಬೇಗ ತಣಿಯುತ್ತದೆ. ನೀಲಿ ಬರದೆ ಅಯೋಡಿನ್ ಬಣ್ಣವೇ ಉಳಿದ ಹೊತ್ತನ್ನು ಬರೆದಿಡಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಆದೀತು, ಆದರೆ ಜಾಸ್ತಿ ನೀರು ಬೆರೆಸಬೇಕು. ಇಲ್ಲವಾದರೆ ಅದರ ಕಂದು ಬಣ್ಣದಲ್ಲಿ ನೀಲಿ ಮುಚ್ಚಿಹೋಗುತ್ತದೆ.

1ನ್ನು ಆ ಹೊತ್ತಿನಿಂದ ಭಾಗಿಸಿದರೆ ವೇಗ. ನೀಲಿ ಹೋಗದೇ ಇದ್ದ ಟ್ಯೂಬಿಗೆ ಸೊನ್ನೆ. ಗ್ರಾಫ್ ಎರಡೂ ಕಡೆ ಒಂದೇ ತರಹದ ಗುಡ್ಡವಾಗಿ ಬರಬೇಕೆಂದಿಲ್ಲ. ಏರುವುದು ನಿಧಾನ, ಸುಮಾರು 10 ಡಿಗ್ರಿಗೆ ವೇಗ ಇಮ್ಮಡಿ. ತುದಿ ದಾಟಿದ ಮೇಲೆ ಇಳಿಯುವುದು ಕಡಿದು.

ಕೊನೆಗೆ ಐಸಿನ ಟ್ಯೂಬನ್ನು 37ಕ್ಕೆ ತನ್ನಿ, ಕುದಿಸಿದ್ದನ್ನೂ 37ಕ್ಕೆ ಇಳಿಸಿ. ಮೊದಲನೆಯದರಲ್ಲಿ ನೀಲಿ ಹೋಗುತ್ತದೆ, ಎರಡನೆಯದರಲ್ಲಿ ಹೋಗುವುದಿಲ್ಲ. ಚಳಿಯಲ್ಲಿ ಕಣಗಳ ಓಡಾಟ ತಗ್ಗಿತ್ತು, ಅಷ್ಟೆ. ಕುದಿದದ್ದರಲ್ಲಿ ಪ್ರೋಟೀನಿನ ಮಡಿಕೆಯೇ ಬಿಚ್ಚಿಹೋಗಿದೆ. ಬಹಳ ಮಂದಿ ಈ ಹಂತವನ್ನು ಬಿಟ್ಟೇಬಿಡುತ್ತಾರೆ. ನಾನು ಅಂಕ ಕೊಡುವವನಾದರೆ ಮೊದಲು ಕೇಳುವುದು ಇದನ್ನೇ.