ಮಡಚುವ ಚಾಕುವಿನ ಬೆಲೆ ಅಳೆಯುವುದು ಹೇಗೆ?

ಜಾತ್ರೆಯಲ್ಲಿ ಗೋಣಿತಾಟಿನ ಮೇಲೆ ಹರವಿಟ್ಟ ಮಡಚುವ ಚಾಕು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಮಾಲ್‌ನ ಗಾಜಿನ ಪೆಟ್ಟಿಗೆಯೊಳಗಿನದಕ್ಕೆ ಸಾವಿರದ ಲೆಕ್ಕ. ಅಮೆರಿಕದಲ್ಲಿ ತಯಾರಾಗುವ ಕೆಲವು ಚಾಕುಗಳ ಬೆಲೆಗಂತೂ ನಮ್ಮಲ್ಲಿ ಹಳೆಯದೊಂದು ಮೊಪೆಡ್ ಬರುತ್ತದೆ. ಮೂರರಲ್ಲೂ ಸೀಬೆಹಣ್ಣು ಕೊಯ್ದು ನೋಡಿ, ಮೊದಲ ದಿನ ವ್ಯತ್ಯಾಸ ಹೇಳುವುದು ಕಷ್ಟ. ಏಕೆಂದರೆ ನಾವು ದುಡ್ಡು ಕೊಡುವುದು ಹರಿತಕ್ಕಲ್ಲ. ಹರಿತವನ್ನು ಸಾಣೆಯವನು ಹತ್ತಿಪ್ಪತ್ತು ರೂಪಾಯಿಗೆ ಮಾಡಿಕೊಡುತ್ತಾನೆ. ಉಳಿದದ್ದು ಎಲ್ಲಿ ಹೋಯಿತು ಎಂದು ಅಂಗಡಿಯಲ್ಲೇ ನಿಂತು ಪತ್ತೆ ಹಚ್ಚಬಹುದು.

1. ಮೊದಲು ಭಾಗಗಳನ್ನು ಎಣಿಸಿ

ಫ್ರಾನ್ಸಿನ ಸವೊಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕು ಇವತ್ತಿಗೂ ಅಗ್ಗ. ಅದರ 8ನೇ ನಂಬರಿನ ಮಾದರಿಯಲ್ಲಿರುವುದು ಐದೇ ಭಾಗ: ಅಲಗು, ಮರದ ಹಿಡಿ, ಒಂದು ರಿವೆಟ್, ಒಂದು ಬಳೆ, ಅದರ ಮೇಲೆ ತಿರುಗುವ ಇನ್ನೊಂದು ಬಳೆ. ಈ ಎರಡನೇ ಬಳೆ ಬಂದದ್ದು 1955ರಲ್ಲಿ. ಅದನ್ನು ತಿರುಗಿಸಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುವುದಿಲ್ಲ.

ಇದರ ಪಕ್ಕದಲ್ಲಿ ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಸ್ವಿಸ್‌ಚಾಂಪ್ ಎಂಬ ಚಾಕು ಇಡಿ. 33 ಕೆಲಸಕ್ಕೆ 64 ಬಿಡಿಭಾಗ. ಒಂದೊಂದನ್ನೂ ಅಚ್ಚಿನಲ್ಲಿ ಕತ್ತರಿಸಿ, ಉಜ್ಜಿ, ಜೋಡಿಸಬೇಕು. ಆ ಕಂಪನಿಯ ಮೂಲಪುರುಷ ಕಾರ್ಲ್ ಎಲ್ಸೆನರ್ ಬೆಲೆಯ ಪಾಠ ಕಲಿತದ್ದು ಪೆಟ್ಟು ತಿಂದು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಒದಗಿಸಲು ಶುರುಮಾಡಿದ. ಜರ್ಮನಿಯ ಸೋಲಿಂಗೆನ್‌ನ ಕಾರ್ಖಾನೆಯವರು ಅದನ್ನೇ ಅಗ್ಗಕ್ಕೆ ಕೊಟ್ಟರು, ಈತ ಸಾಲದಲ್ಲಿ ಮುಳುಗಿದ. 1897ರ ಆಫೀಸರ್ ಚಾಕುವಿನಲ್ಲಿ ಒಂದೇ ಸ್ಪ್ರಿಂಗ್ ಎರಡೂ ಬದಿಯ ಉಪಕರಣಗಳನ್ನು ಹಿಡಿಯುವಂತೆ ಮಾಡಿ ಚೇತರಿಸಿಕೊಂಡ. ಸ್ಪ್ರಿಂಗ್ ಹೆಚ್ಚಿಸದೆ ಕೆಲಸ ಹೆಚ್ಚಿಸಿದ ಜಾಣತನ ಅದು.

2. ಅಲಗಿನ ಬುಡ ಓದಿ

ಅಲ್ಲಿ ಬರೀ 'ಸ್ಟೇನ್‌ಲೆಸ್' ಎಂದಿದ್ದರೆ ಯಾವ ಉಕ್ಕು ಎಂದು ಹೇಳಲು ಮಾಡಿದವನಿಗೇ ಮನಸ್ಸಿಲ್ಲ ಎಂದುಕೊಳ್ಳಿ. ಹೆಸರಿದ್ದರೆ ಒಳ್ಳೆಯ ಸೂಚನೆ. ಡಿ2 ಎಂಬ ಉಕ್ಕಿನಲ್ಲಿ ಸುಮಾರು 1.5% ಇಂಗಾಲ, 12% ಕ್ರೋಮಿಯಂ ಇರುತ್ತದೆ. ಅಲಗಿನ ಬಾಯಿ ಬಹಳ ದಿನ ಹರಿತವಾಗಿ ನಿಲ್ಲುತ್ತದೆ, ಒದ್ದೆ ಬಿಟ್ಟರೆ ತುಕ್ಕಿನ ಚುಕ್ಕೆ ಬೀಳುತ್ತದೆ.

ದುಬಾರಿ ಚಾಕುಗಳಲ್ಲಿ ಕಾಣುವ ಎಸ್30ವಿ ಪುಡಿಯಿಂದ ಮಾಡಿದ ಉಕ್ಕು. ಕರಗಿದ ಲೋಹದ ಮೇಲೆ ಜೋರಾಗಿ ಅನಿಲ ಹಾಯಿಸಿ ಹನಿಗಳಾಗಿ ಸಿಡಿಸುತ್ತಾರೆ. ಪ್ರತಿ ಹನಿಯೂ ಥಟ್ಟನೆ ಆರಿ ಕಾಳಾಗುತ್ತದೆ. ಆ ಪುಡಿಯನ್ನು ಭಾರೀ ಒತ್ತಡ, ಶಾಖದಲ್ಲಿ ಒತ್ತಿ ಗಟ್ಟಿ ಮಾಡುತ್ತಾರೆ. ಇಷ್ಟೆಲ್ಲ ಏಕೆಂದರೆ, ಎರಕದಲ್ಲಿ ನಿಧಾನ ಆರಿದರೆ ಕಾರ್ಬೈಡ್ ಎಂಬ ಗಟ್ಟಿ ಹರಳುಗಳು ದಪ್ಪ ದಪ್ಪ ಗುಂಪಾಗುತ್ತವೆ. ಪುಡಿಯಲ್ಲಿ ರವೆಯಂತೆ ಸಣ್ಣಗೆ ಎಲ್ಲೆಡೆ ಹರಡಿರುತ್ತವೆ.

ಆದರೆ ಚಾಕುವಿನಲ್ಲಿರುವ ಉಕ್ಕಿನ ತೂಕ ಎಷ್ಟು? ಹತ್ತಾರು ಗ್ರಾಂ, ಅಷ್ಟೇ. ನಿಜವಾದ ಖರ್ಚು ಉಜ್ಜುವುದರಲ್ಲಿದೆ. ಎಸ್30ವಿಯಲ್ಲಿರುವ ವನೇಡಿಯಂ ಕಾರ್ಬೈಡ್ ಸಾಮಾನ್ಯ ಸಾಣೆ ಪಟ್ಟಿಯ ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಅಲಗು ಸವೆಯುವ ಬದಲು ಪಟ್ಟಿಯೇ ಸವೆಯುತ್ತದೆ. ಮುಂದೆ ಮನೆಯಲ್ಲಿ ನೀವು ಸಾಣೆ ಹಿಡಿಯುವಾಗಲೂ ಅದೇ ಗೋಳು.

3. ಕಣ್ಣಿಗೆ ಕಾಣದ ಹದ

ನಮ್ಮ ಕಮ್ಮಾರರು ಲಾರಿಯ ಹಳೇ ಕಮಾನು ಪಟ್ಟಿಯಿಂದ ಮಚ್ಚು ಮಾಡುವುದನ್ನು ಕಂಡವರಿಗೆ ಇದು ಗೊತ್ತು: ಕಬ್ಬಿಣ ಒಂದೇ, ಕಾಯಿಸಿ ಅದ್ದುವ ಕೈ ಬೇರೆ. ಹದ ಹೆಚ್ಚಾದರೆ ಬಾಯಿ ಚಕ್ಕೆ ಏಳುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಇದನ್ನೇ ರಾಕ್‌ವೆಲ್ ಎಂಬ ಗಡಸುತನದ ಅಂಕದಲ್ಲಿ ಅಳೆಯುತ್ತಾರೆ. ಸ್ವಿಸ್ ಚಾಕುವಿನದು ಸುಮಾರು 56, ಎಸ್30ವಿಯದು 60ರ ಆಸುಪಾಸು. 56 ಎಂದರೆ ಕಳಪೆಯಲ್ಲ. ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಒಳ್ಳೆಯ ಉಕ್ಕಿನ ಹೆಸರು ಕೆತ್ತಿ ಹದದಲ್ಲಿ ಉಳಿತಾಯ ಮಾಡಿದ ಚಾಕು ಇದಕ್ಕಿಂತ ಕಡೆ. ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲಾಗದು. ಹೆಸರುಳ್ಳ ಕಂಪನಿಗೆ ನಾವು ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಈ ನಂಬಿಕೆಯ ಬಾಬ್ತು.

4. ಬಿಚ್ಚಿ, ಅಲುಗಿಸಿ

ಅಲಗು ಬಿಚ್ಚಿ ತುದಿ ಹಿಡಿದು ಎಡಬಲಕ್ಕೆ ಮೆಲ್ಲಗೆ ಒತ್ತಿ. ಟಕಟಕ ಅಂದರೆ ಕೀಲು ಸಡಿಲ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರುತ್ತದೆಯೇ, ಒಂದು ಬದಿಗೆ ಉಜ್ಜುತ್ತದೆಯೇ ನೋಡಿ. ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಇದ್ದರೆ ಅದು ಅಲಗಿನ ಬುಡಕ್ಕೆ ಪೂರ್ತಿ ತಾಗಬೇಕು. ಕೆಲವು ದುಬಾರಿ ಚಾಕುಗಳಲ್ಲಿ ಟೈಟಾನಿಯಂ ಹಿಡಿಯನ್ನೇ ಸೀಳಿ ಲಾಕ್ ಮಾಡಿರುತ್ತಾರೆ. ಅಲ್ಲಿ ಕೂದಲೆಳೆ ಹೆಚ್ಚುಕಮ್ಮಿಯಾದರೂ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಜಾರುತ್ತದೆ. ಯಂತ್ರದ ಸಮಯ, ತಿರಸ್ಕರಿಸಿದ ತುಂಡುಗಳು, ಕೊನೆಗೆ ಕೈಯಿಂದ ಸರಿಪಡಿಸುವ ಕೂಲಿ ಎಲ್ಲವೂ ಇಲ್ಲಿ ಸೇರುತ್ತವೆ. ನನ್ನ ಮಟ್ಟಿಗೆ ದುಡ್ಡು ಕೊಡಲು ಯೋಗ್ಯವಾದ ಜಾಗ ಇದೇ. ಬೆರಳು ಇರುವುದು ಅಲ್ಲೇ.

5. ಉಳಿದದ್ದನ್ನು ಕಳೆಯಿರಿ

ಆಮದು ಸುಂಕ, ಜಿಎಸ್‌ಟಿ, ಮಾರಾಟಗಾರನ ಲಾಭ, ಚಂದದ ಡಬ್ಬಿ. ಕಾರ್ಬನ್ ಫೈಬರ್ ಹಿಡಿ ಹಗುರ ನಿಜ, ಆದರೆ ಹಣ್ಣು ಕೊಯ್ಯುವುದು ಹಿಡಿಯಲ್ಲ.

ಹಣ್ಣು, ಹಗ್ಗ, ಪಾರ್ಸೆಲ್ ಪೆಟ್ಟಿಗೆಗಿಂತ ಹೆಚ್ಚಿನ ಕೆಲಸವಿಲ್ಲದವರಿಗೆ ಬಳೆಯ ಲಾಕ್ ಇರುವ ಮರದ ಹಿಡಿಯ ಚಾಕು ಧಾರಾಳ ಸಾಕು. ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನದು ಕೊಂಡರೆ ನಿಂಬೆ, ಮಾವು ಕೊಯ್ದ ತಕ್ಷಣ ಒರೆಸಿಡಿ, ಹುಳಿಗೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಗಿಯುತ್ತದೆ. ಒಣಗಿದ ಮೇಲೆ ಸರಿಹೋಗುತ್ತದೆ, ಉಗುರು ಮುರಿದುಕೊಳ್ಳಬೇಡಿ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಡದೆ ಲಗೇಜಿಗೆ ಹಾಕಿ. ಇಲ್ಲವಾದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಅದು ನೂರು ರೂಪಾಯಿಯದಾದರೂ ಅಷ್ಟೇ, ಮೊಪೆಡ್ ಬೆಲೆಯದಾದರೂ ಅಷ್ಟೇ.